ಖಾಲಿ ಸೀಡಿನೂ ಸೀರಿ ಆರಿಸಿದಂಗ ಆರಿಸ್ರಿ

ಸೀರಿ ತಗೋಳಾಕ ಹೋದ್ರ ನಾವು ಸೆರಗು ಬಿಚ್ಚಿಸಿ, ದಡಿ ತಿರುವಿ, ಬಣ್ಣ ಬಿಡತೈತೇನು ಅಂತ ಮೂರು ಸಲ ಕೇಳಿ, ಆಮ್ಯಾಲೆ ರೊಕ್ಕ ಬಿಚ್ಚತೀವಿ. ಜ್ವಾಳ ತಗೊಂಡ್ರ ಬೊಗಸ್ಯಾಗ ಹಿಡದು ಊದಿ ನೋಡತೀವಿ. ಒಣಮೆಣಸಿನಕಾಯಿ ಈ ವರ್ಷದ್ದೋ ಹ್ವಾದ ವರ್ಷದ್ದೋ ಅಂತ ಮೂಗಿಗೆ ಹಿಡದು ಹೇಳತೀವಿ. ಅಂಥಾ ನಾವು, ಮಗಳ ಮದುವಿ, ಅತ್ತಿ ಹಾಡಿದ ಪದ ಹಾಕಿಡೋ ಖಾಲಿ ಸೀಡಿ ತಗೋಳಾಕ ಹೋದಾಗ ಮಾತ್ರ "ಯಾವುದರ ಒಂದು ಕೊಡಪಾ" ಅಂದುಬಿಡತೀವಿ. ಅಂಗಡಿಯವ ಬಿಳಿ ಪಾಕೀಟಿನ್ಯಾಗ ಹಾಕಿ ಕೊಡತಾನ, ನಾವು ಪರ್ಸಿನ್ಯಾಗ ಚಾವಿಗೊಂಚಲ ಜೋಡಿ ತುರುಕಿಕೊಂಡು ಬರತೀವಿ. ಇದು ಸರಿ ಅಲ್ಲ ಅನ್ನೋದು ನನ್ನ ವಾದ. ಕಿನ್ನಾಳದಾಗ ಇರೋರು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡಿ ಕೊಟ್ಟಿರೋ ನಮ್ಮ ಅಕ್ಕ-ತಂಗ್ಯಾರು ಎಲ್ಲಾರೂ ಓದ್ರಿ. ಓದಿ ಬಯ್ಯೋದಿದ್ರ ಬಯ್ರಿ.

"ಈಗ ಸೀಡಿ ಯಾರು ಹಾಕತಾರಕ್ಕಾ, ಎಲ್ಲಾ ಮೊಬೈಲ್‌ನ್ಯಾಗ ಐತೆಲ್ಲ" ಅಂತ ನಮ್ಮ ನೆಗೆಣ್ಣಿ ಮೊನ್ನೆ ಅಂದ್ಲು. ಐತಿ, ಇಲ್ಲನ್ನಂಗಿಲ್ಲ. ಆದ್ರ ಎಷ್ಟು ದಿನ ಐತಿ ಅನ್ನೋದನ್ನೂ ನೋಡಬೇಕಲ್ಲ. ಹುಡುಗ್ರು ಗೇಮ್ ಹಾಕ್ಕೊಳ್ಳಾಕ ಜಾಗ ಸಾಲಲಿಲ್ಲ ಅಂದ್ರ ಮೊದಲು ಅಳಿಸೋದು ದೊಡ್ಡ ವಿಡಿಯೋನ. ವಾಟ್ಸಾಪಿನ್ಯಾಗ ಕಳಿಸಿದ ವಿಡಿಯೋ ಕುಗ್ಗಿ ಬರತೈತಿ, ನಾಕು ಕೈ ದಾಟಿ ಬರೋದ್ರಾಗ ಮದುಮಗಳ ಮಾರಿ ಮಂಜುಮಂಜು. ಫೋನು ನೀರಿನ ಬಾನ್ಯಾಗ ಬಿದ್ರ ಅದೂ ಹೋತು. ಪೆನ್‌ಡ್ರೈವ್ ಅಂತೀರಿ, ಅದನ್ನ ಯಾವುದೋ ಕಂಪ್ಯೂಟರಿಗೆ ಹಾಕಿದ್ರ ವೈರಸ್ ಹತ್ತತೈತಿ. ವರ್ಷಗಟ್ಟಲೆ ಕಪಾಟಿನ್ಯಾಗ ಸುಮ್ಮನೆ ಇಟ್ರ ಒಳಗಿನ ಚಾರ್ಜ್ ಇಳದು ಬರದದ್ದು ಅಳಿಸಿಹೋಗೋದೂ ಉಂಟು. ಒಂದ್ಸಲ ರೈಟ್ ಮಾಡಿದ ಸೀಡಿಗೆ ಒಂದು ಗುಣ ಐತಿ: ಅದನ್ನ ಯಾರೂ ಕೈತಪ್ಪಿ ಅಳಿಸಾಕ ಬರಂಗಿಲ್ಲ, ಅದರ ಮ್ಯಾಲ ಇನ್ನೊಂದು ಬರಿಯಾಕ ಬರಂಗಿಲ್ಲ, ವೈರಸ್ಸಿಗೂ ಆಮ್ಯಾಲೆ ಅದರೊಳಗ ಹೊಗಾಕ ದಾರಿ ಇಲ್ಲ. ನನಗ ಆ ಒಂದು ಗುಣ ಸಾಕು.

ಎಲ್ಲಾನೂ ಸೀಡಿಗೆ ಹಾಕ್ರಿ ಅನ್ನಂಗಿಲ್ಲ. ಹುಟ್ಟಿದಹಬ್ಬದ ಕೇಕು, ಜಾತ್ರ್ಯಾಗಿನ ಸೆಲ್ಫಿ ಮೊಬೈಲ್‌ನ್ಯಾಗ ಇರ್ಲಿ, ಹ್ವಾದ್ರೂ ಮುಂದಿನ ವರ್ಷ ಮತ್ತ ಬರತಾವು. ಮತ್ತ ಬರಲಾರದ್ದು ಯಾವುದು ಅನ್ನೋದನ್ನ ನಾವು ಕುಂತು ಲೆಕ್ಕಾ ಹಾಕಬೇಕು. ನನ್ನ ಲೆಕ್ಕದಾಗ ಮೊದಲ ನಂಬರು ಹೆಣ್ಣಮಕ್ಕಳ ಪದ.

ಈಗಿನ ಮದುವಿ ವಿಡಿಯೋ ನೋಡ್ರಿ. ಡ್ರೋನು ಮ್ಯಾಲಿಂದ ಪೆಂಡಾಲು ತಗೀತೈತಿ, ಆಹೇರಿ ಕೊಡೋರು ಸಾಲಾಗಿ ನಿಂತದ್ದು ಎರಡು ತಾಸು ಬರತೈತಿ, ಅಕ್ಕಿಕಾಳಿಗೆ ಬಂದ ದೊಡ್ಡ ಮಂದಿ ಭಾಷಣಾನೂ ಬರತೈತಿ. ಸುರಗಿ ಸುತ್ತುವಾಗ, ಅರಿಷಿಣ ಹಚ್ಚುವಾಗ ನಮ್ಮ ಮುದುಕ್ಯಾರು ಸೋಬಾನ ಪದ ಹೇಳತಿರತಾರ, ಅದರ ಮ್ಯಾಲ ಸಿನಿಮಾ ಹಾಡು ಕುಂದರಿಸಿರತಾರ. ತುಟಿ ಅಲುಗೋದು ಕಾಣತೈತಿ, ದನಿ ಕೇಳಂಗಿಲ್ಲ. ಬೀಸುಕಲ್ಲು ಹಿತ್ತಲಿಗೆ ಹೋಗಿ ಎಷ್ಟು ವರ್ಷಾತು? ಗಿರಣಿ ಬಂದ ಮ್ಯಾಲ ಬೀಸೋ ಪದ ಹೇಳಾಕ ಕಾರಣಾನ ಉಳಿಲಿಲ್ಲ. ಜೋಕುಮಾರನ್ನ ಬುಟ್ಟ್ಯಾಗ ಬೇವಿನ ತಪ್ಪಲದಾಗ ಕುಂದರಿಸಿಕೊಂಡು ಮನಿಮನಿಗೆ ಹಾಡಕೋತ ಬರೋರು ಈಗ ಓಣಿಗೆ ಒಬ್ರೋ ಇಬ್ರೋ. ಅವರ ಮಕ್ಕಳು ಕಲ್ತಿಲ್ಲ, ಅವರನ್ನ ಬಯ್ಯಾಕ ನನಗ ಬಾಯಿ ಇಲ್ಲ, ದುಡಿಯಾಕ ಹೋಗಬೇಕಲ್ಲ ಅವರೂ.

ನಮ್ಮ ಜಿಲ್ಲೇದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತು. ತೊಗಲುಗೊಂಬಿ ಆಡಸ್ಕೋತ ಇಡೀ ಆಯುಷ್ಯ ಕಳದ ಆ ತಾಯಿಗೆ ಆವಾಗ 96 ವರ್ಷ. ಟಿವ್ಯಾಗ ಬಂದಾಗ ನಾವೆಲ್ಲಾ ಕೈ ಮುಗದ್ವಿ. ಅವರ ಆಟಾನ ಜಗತ್ತು ನೋಡೈತಿ, ಯಾರರ ಚಿತ್ರೀಕರಣ ಮಾಡಿಟ್ಟಿರತಾರ. ನಮ್ಮ ನಮ್ಮ ಮನಿ ಪಡಸಾಲ್ಯಾಗ ಕುಂತು ತೊಟ್ಟಿಲು ತೂಗಕೋತ ಹಾಡೋ ಮುದುಕಿಗೆ ಯಾವ ಪ್ರಶಸ್ತಿನೂ ಬರಂಗಿಲ್ಲ, ಯಾವ ಕ್ಯಾಮೆರಾನೂ ಬರಂಗಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಐತಿ, ಶಿಗ್ಗಾವಿ ಹತ್ರ ಗೊಟಗೋಡ್ಯಾಗ ಜಾನಪದ ವಿಶ್ವವಿದ್ಯಾಲಯ ಐತಿ. ಅವರು ಎಷ್ಟಂತ ಊರು ತಿರುಗತಾರ? ನಮ್ಮನಿ ಪದ ನಾವೇ ಹಿಡಕೋಬೇಕು. ಹಿಡಕೊಳ್ಳಾಕ ಮೊಬೈಲ್ ಚಲೋ, ಕಾಯ್ದಿಡಾಕ ಅದು ಸಾಲಂಗಿಲ್ಲ. ಹಿಂಗಾಗಿ ಖಾಲಿ ಸೀಡಿ ಮಾತು ಬಂತು.

ಸೀಡಿ ಒಳಗ ಏನೈತಿ ಅನ್ನೋದು ನಮ್ಮ ಕಿನ್ನಾಳದವರಿಗೆ ತಿಳಿಸಿ ಹೇಳೋದು ಭಾಳ ಸುಲಭ. ನಮ್ಮ ಚಿತ್ರಗಾರರು ಗೊಂಬಿ ಮಾಡೋದು ನೋಡಿರಲ್ಲ. ಹಗುರ ಕಟಗಿ ಜೋಡಿಸಿ, ಹುಣಸಿಬೀಜದ ಅಂಟಿನ್ಯಾಗ ಗೋಣಿನಾರು ತೋಯಿಸಿ ಹಚ್ಚಿ, ಕಟಗಿ ಹೊಟ್ಟಿನ ಮೆತ್ತಿಗಿ ಕೊಟ್ಟು, ಕಲ್ಲಿನ ಪುಡಿ ಬಳದು, ಎಲ್ಲಾ ಒಣಗಿದ ಮ್ಯಾಲ ಬಣ್ಣ. ಕಾಮಧೇನು ಮ್ಯಾಲ ಬಣ್ಣ ಎಷ್ಟರ ಥಳಥಳ ಅನ್ಲಿ, ಒಳಗಿನ ಮೆತ್ತಿಗಿ ಸುಳ್ಳಾಗಿದ್ರ ಎರಡು ಬ್ಯಾಸಿಗ್ಯಾಗ ಸಿಪ್ಪಿ ಎದ್ದು ಬರತೈತಿ. ಸೀಡಿನೂ ಹಂಗ, ಪದರು ಪದರು. ಕೆಳಗ 1.2 ಮಿಲಿಮೀಟರ್ ದಪ್ಪದ ತಿಳಿ ಪ್ಲಾಸ್ಟಿಕ್, ಅದರ ಮ್ಯಾಲ ತೆಳ್ಳಗ ಒಂದು ಬಣ್ಣದ ಪದರು, ಅದರ ಮ್ಯಾಲ ಬೆಳ್ಳಿಯಂಥಾ ಹೊಳಪಿನ ಪದರು, ಎಲ್ಲಾದರ ಮ್ಯಾಲ ವಾರ್ನಿಶ್. ರೈಟ್ ಮಾಡೋದು ಅಂದ್ರ ಲೇಸರ್ ಬೆಳಕು ಆ ಬಣ್ಣದ ಪದರನ್ನ ಅಲ್ಲಲ್ಲಿ ಸುಟ್ಟು ಗುರುತು ಮಾಡೋದು. ನಮ್ಮ ಪದ, ನಮ್ಮ ಮದುವಿ, ಎಲ್ಲಾ ಇರೋದು ಆ ಸುಟ್ಟ ಗುರುತಿನ್ಯಾಗ. ಡಿವಿಡ್ಯಾಗ ಗೆರಿ ಎಷ್ಟು ಸಣ್ಣು ಅಂದ್ರ, ಒಂದು ತಲಿಗೂದಲ ಅಗಲದಾಗ ಹತ್ರ ಹತ್ರ ನೂರು ಗೆರಿ ಹಿಡೀತಾವು.

ಇದರಾಗ ಒಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ. ಸೀಡಿ ಕೆಳಗಿನ ಹೊಳಿಯೋ ಕಡಿ ಗೀರು ಬೀಳಬಾರದು ಅಂತ ನಾವು ಅದನ್ನ ಬೋರಲು ಇಡೋದಿಲ್ಲ, ಮ್ಯಾಲಿನ ಹೆಸರು ಬರಿಯೋ ಕಡಿ ಬಗ್ಗೆ ಕಾಳಜಿನ ಇಲ್ಲ. ಖರೇ ಅಂದ್ರ ಮ್ಯಾಲಿನ ಕಡಿನ ನಾಜೂಕು. ಬಣ್ಣದ ಪದರು ಇರೋದು ಆ ವಾರ್ನಿಶ್ ಕೆಳಗ, ಅಷ್ಟ ತೆಳ್ಳಗ. ಅಲ್ಲಿ ಬಾಲ್‌ಪೆನ್ನಿನ ಮೊನಿ ಒತ್ತಿದ್ರ ಒಳಗಿನದು ಹರದುಹೋತು, ರಿಪೇರಿ ಇಲ್ಲ. ಕೆಳಗಿನ ಸಣ್ಣ ಗೀರನ್ನ ಯಂತ್ರ ಸಂಭಾಳಿಸತೈತಿ. ಡಿವಿಡಿ ಇದಕ್ಕಿಂತ ಗಟ್ಟಿ, ಯಾಕಂದ್ರ ಅದರಾಗ ಎರಡು ತೆಳು ಪ್ಲಾಸ್ಟಿಕ್ ತಾಟು ಕೂಡಿಸಿ ಬಣ್ಣದ ಪದರನ್ನ ನಡುವ ಇಟ್ಟಿರತಾರ, ಹೋಳಿಗ್ಯಾಗ ಹೂರಣ ಇದ್ದಂಗ.

ಇನ್ನ ತಗೊಳ್ಳೋ ಮಾತು. ಒಂದು ಕಾಲದಾಗ ನಮ್ಮ ಕಡಿ ಖಾಲಿ ಸೀಡಿ ಅಂದ್ರ ಮೋಸರ್‌ಬೇರ್. ದಿಲ್ಲಿ ಕಡಿ ನೊಯಿಡಾದಾಗ ಫ್ಯಾಕ್ಟರಿ ಇತ್ತು, ಜಗತ್ತಿನ ದೊಡ್ಡ ಸೀಡಿ ಕಂಪನಿಗಳಾಗ ಅದೂ ಒಂದು. 2007ರಾಗ ಅದೇ ಕಂಪನಿಯವರು ಸಿನಿಮಾ ವಿಸಿಡಿನ 28 ರೂಪಾಯಿಗೆ, ಡಿವಿಡಿನ 34 ರೂಪಾಯಿಗೆ ಮಾರಾಕ ಹತ್ತಿದ್ರು, ನೆನಪೈತಿ? ಡಾ. ರಾಜ್ ಸಿನಿಮಾ ತರಸಾಕ ಆವಾಗ ನಾವು ಬಾಡಗಿ ಅಂಗಡಿ ಬಿಟ್ವಿ. ಆ ಕಂಪನಿ ಸಾಲಕ್ಕ ಸಿಕ್ಕು 2018ರಾಗ ಮುಚ್ಚೋ ಹುಕುಂ ಆತು. ಈಗಲೂ ಊರಕಡಿ ಅಂಗಡ್ಯಾಗ ಅದರ ಹೆಸರಿನ ಡಬ್ಬಿ ಕಂಡ್ರ ಅದು ಎಷ್ಟು ವರ್ಷದ್ದು ಅಂತ ನೀವೇ ಲೆಕ್ಕಾ ಹಾಕ್ರಿ. ಖಾಲಿ ಸೀಡಿಗೂ ಆಯುಷ್ಯ ಐತಿ. ರೈಟ್ ಮಾಡದ ಸೀಡಿ ಒಳಗಿನ ಬಣ್ಣ 5ರಿಂದ 10 ವರ್ಷದೊಳಗ ಬಳಸಿದ್ರ ಚಲೋ ಅಂತ ತಿಳದೋರು ಹೇಳತಾರ. ಅಂಗಡಿ ಕಿಟಕ್ಯಾಗ ಬಿಸಲಿಗೆ ಇಟ್ಟಿದ್ರ ಅಷ್ಟೂ ಇಲ್ಲ. ಹಳೇ ಮೆಣಸಿನಪುಡಿ ಡಬ್ಬಿ ತಳ ತಿರುವಿ ತಾರೀಖು ನೋಡತೀವಲ್ಲ, ಇಲ್ಲೂ ಸೀಲ್ ಒಡೀಲಾರದ, ಹೊಸಾ ಮಾಲು ಕೇಳ್ರಿ. ಬಿಳಿ ಪಾಕೀಟಿನ್ಯಾಗ ಬಿಡಿ ಬಿಡಿ ಮಾರೋದನ್ನ ಮುಟ್ಟಬ್ಯಾಡ್ರಿ, ಯಾವ ಕಂಪನಿ, ಯಾವ ವರ್ಷ ಅನ್ನೋದು ಅಂಗಡಿಯವಗೂ ಗೊತ್ತಿರಂಗಿಲ್ಲ.

ಇನ್ನೂ ಒಂದು ಮಜಾ ಹೇಳತೀನಿ. ಡಬ್ಬಿ ಮ್ಯಾಲಿನ ಹೆಸರು ಬ್ಯಾರೆ, ಮಾಡಿದ ಫ್ಯಾಕ್ಟರಿ ಬ್ಯಾರೆ ಇರಬಹುದು. ದೊಡ್ಡ ಹೆಸರಿನ ಕಂಪನಿನೂ ಬ್ಯಾರೆಯವರ ಕಡಿಂದ ಮಾಡಿಸಿ ತನ್ನ ಚೀಟಿ ಹಚ್ಚತೈತಿ. ಸೀಡಿ ಒಳಗಿನ ಸುತ್ತಿನ್ಯಾಗ ಮಾಡಿದವರ ಗುರುತು ಬರದಿರತೈತಿ, ಇಮ್ಗ್‌ಬರ್ನ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನ್ಯಾಗ ಖಾಲಿ ಡಿಸ್ಕ್ ಹಾಕಿದ್ರ ಅದು ಕಾಣತೈತಿ. ಎಂಬಿಐ ಅಂತ ಶುರುವಾದ್ರ ಮೋಸರ್‌ಬೇರ್, ಸಿಎಂಸಿ ಅಂದ್ರ ತೈವಾನಿನ ಕಂಪನಿ, ಎಂಸಿಸಿ ಅಂದ್ರ ಮಿತ್ಸುಬಿಷಿ ಕೆಮಿಕಲ್, ವರ್ಬಾಟಿಮ್ ಹೆಸರಿನ ಹಿಂದ ಇದ್ದೋರು ಅವರು. ಜಪಾನಿನ ತಾಯಿಯೋ ಯುಡೆನ್ ಅನ್ನೋರ ಸೀಡಿನ ಎಲ್ಲಾರೂ ಹೊಗಳತಿದ್ರು, ಅವರು 2015ರ ಕೊನಿಗೆ ಈ ಧಂಧೇನ ಬಿಟ್ರು. ಇಷ್ಟೆಲ್ಲಾ ನೀವು ನೆನಪಿಡಬೇಕಂತಿಲ್ಲ. ಒಂದು ಹೆಸರಿನ ಸಣ್ಣ ಡಬ್ಬಿ ತಂದು ರೈಟ್ ಮಾಡಿ ಸರಿ ಬಂತಂದ್ರ ಅದನ್ನೇ ಹಿಡೀರಿ.

ಮನಿಗೆ ತಂದ ಮ್ಯಾಲ ಡಿಸ್ಕಿನ ಅಂಚು ಹಿಡದು ಬೆಳಕಿಗೆ ಓರಿ ಮಾಡಿ ನೋಡ್ರಿ. ಬಣ್ಣ ಒಂದೇ ಸಮ ಇರಬೇಕು. ಚುಕ್ಕಿ, ಗುಳ್ಳಿ, ಅಂಚಿನ್ಯಾಗ ಬಣ್ಣ ಹತ್ತಲಾರದ ಜಾಗ ಕಂಡ್ರ ಅದನ್ನ ಬದಿಗೆ ಇಡ್ರಿ, ಹುಡುಗ್ರು ಬಾಗಲ ತೋರಣಕ್ಕರ ಕಟ್ಟತಾರ.

ಡಿಸ್ಕಿನ ಮ್ಯಾಲ ಆರ್ ಅಂತ ಒಂದು ಅಕ್ಷರ ಇದ್ರ ಒಮ್ಮೆ ಬರಿಯೋದು, ಆರ್‌ಡಬ್ಲ್ಯು ಇದ್ರ ಅಳಿಸಿ ಬರಿಯೋದು. ಅಳಿಸಿ ಬರಿಯೋದು ಲಾಭ ಅಂತ ಅನ್ನಿಸತೈತಿ, ಕಾಯ್ದಿಡಾಕ ಅದು ಬ್ಯಾಡ. ಅಳಿಸಾಕ ಬರತೈತಿ ಅಂದ ಮ್ಯಾಲ ಯಾರರ ಅಳಿಸ್ಯಾರು, ಅದರ ಪದರೂ ಅಷ್ಟು ಬಾಳಿಕಿದ್ದಲ್ಲ. ಡಿವಿಡ್ಯಾಗ ಮೈನಸ್ ಆರ್, ಪ್ಲಸ್ ಆರ್ ಅಂತ ಎರಡು ಜಾತಿ. ಎರಡೂ ಚಲೋನ, ಬ್ಯಾರೆ ಬ್ಯಾರೆ ಕಂಪನಿಗಳ ಜಗಳದಾಗ ಹುಟ್ಟಿದ್ವು. ನಿಮ್ಮ ಮನ್ಯಾಗ ಹಳೇ ಡಿವಿಡಿ ಪ್ಲೇಯರ್ ಇದ್ರ ಮೈನಸ್ ಆರ್ ತಗೋರಿ, ಹಳೇ ಯಂತ್ರ ಅದನ್ನ ಹೆಚ್ಚು ಒಪ್ಪತಾವು. ಎಂ-ಡಿಸ್ಕ್ ಅಂತ ಇನ್ನೊಂದು ಐತಿ, ಬಣ್ಣದ ಬದಲಿ ಕಲ್ಲಿನಂಥಾ ಪದರು ಇರತೈತಿ, ತುಟ್ಟಿ. ರೈಟರ್ ಮ್ಯಾಲ ಅದರ ಗುರುತು ಇದ್ರ ಮಾತ್ರ ಅದನ್ನ ರೈಟ್ ಮಾಡಾಕ ಬರತೈತಿ.

ಎಷ್ಟು ಹಿಡೀತೈತಿ ಅಂತೀರಿ? ಸೀಡಿ 700 ಎಂಬಿ, ಹಾಡಿನ ಸೀಡಿ ಮಾಡಿದ್ರ 80 ನಿಮಿಷ. ಡಿವಿಡಿ 4.7 ಜಿಬಿ ಅಂತ ಬರದಿರತಾರ, ಕಂಪ್ಯೂಟರ್ ಅದನ್ನ 4.37 ಅಂತ ತೋರಸತೈತಿ, ಅಂಗಡಿಯವ ಮೋಸ ಮಾಡ್ಯಾನ ಅಂತ ಜಗಳಾಡಬ್ಯಾಡ್ರಿ, ಎಣಿಸೋ ರೀತಿ ಬ್ಯಾರೆ ಅಷ್ಟ. ಪದ ಇಡೋದಾದ್ರ ಕುಗ್ಗಿಸಲಾರದ ವೇವ್ ಫೈಲ್ ಇಡ್ರಿ, ನಿಮಿಷಕ್ಕ 10 ಎಂಬಿ ತಿಂತೈತಿ. ಆದ್ರೂ ಒಂದು ಡಿವಿಡ್ಯಾಗ 7 ತಾಸಿನ ಪದ ಹಿಡೀತಾವು. ಒಬ್ಬ ಮುದುಕಿ 7 ತಾಸು ಹಾಡಿದ್ಲಂದ್ರ ಅದು ಸಣ್ಣ ಆಸ್ತಿ ಅಲ್ರಿ. ಅಂಚಿನ ತನಕ ತುಂಬಬ್ಯಾಡ್ರಿ, ತಪ್ಪು ಹೆಚ್ಚಾಗೋದು ಹೊರಗಿನ ಅಂಚಿನ್ಯಾಗ. ನಾನು 4 ಜಿಬಿಗೆ ನಿಲ್ಲಸತೀನಿ.

ರೈಟ್ ಮಾಡೋ ಕೆಲಸಾನ ನಾನು ಹಪ್ಪಳ ಲಟ್ಟಿಸಿದಂಗ ಅಂತ ತಿಳಕೊಂಡೀನಿ, ಅವಸರ ಮಾಡಿದ್ರ ಹರೀತೈತಿ. ಡಿಸ್ಕಿನ ಮ್ಯಾಲ 16ಎಕ್ಸ್ ಅಂತ ಬರದಿರತಾರ, ಅದು ಓಡಬಹುದಾದ ಗರಿಷ್ಠ ವೇಗ. ಆ ವೇಗದಾಗ ಓಡಿಸಬೇಕು ಅಂತ ಯಾರೂ ಹೇಳಿಲ್ಲ. 8ಎಕ್ಸ್ ಇಟ್ರ ತುಂಬಿದ ಡಿವಿಡಿ 8-9 ನಿಮಿಷಕ್ಕ ಆಗತೈತಿ, 16ರಾಗ 6 ನಿಮಿಷ. ಮೂರು ನಿಮಿಷ ಉಳಿಸಾಕ ಹೋಗಿ ತಪ್ಪು ಬರಿಸಿಕೊಳ್ಳೋದ್ರಾಗ ಏನು ಶಾಣ್ಯಾತನ? ಹಂಗಂತ ತೀರಾ ಕಡಿಮಿ, 1 ಅಥವಾ 2ಕ್ಕೂ ಇಳಿಸಬ್ಯಾಡ್ರಿ, ಈಗಿನ ಡಿಸ್ಕಿನ ಬಣ್ಣ ಅಷ್ಟು ನಿಧಾನಕ್ಕ ಮಾಡಿದ್ದಲ್ಲ. 52ಎಕ್ಸ್ ಸೀಡಿಗೆ 16 ಇಲ್ಲಾ 24 ಸಾಕು.

ಕರೆಂಟಿನ ಮಾತು ಬ್ಯಾರೆ ಹೇಳಬೇಕು, ನಾವು ಇರೋದು ಹಳ್ಳ್ಯಾಗ. ನಡುವ ಕರೆಂಟ್ ಹೋತಂದ್ರ ಆ ಡಿಸ್ಕ್ ಚಾ ಕಪ್ಪಿನ ಕೆಳಗ ಇಡಾಕಷ್ಟ. ಲ್ಯಾಪ್‌ಟಾಪ್ ಪೂರಾ ಚಾರ್ಜ್ ಇರಲಿ, ಮ್ಯಾಲ ಚಾರ್ಜರ್ರೂ ಹಚ್ಚಿರಲಿ. ಟೇಬಲ್ ಕಂಪ್ಯೂಟರ್ ಆದ್ರ ಯುಪಿಎಸ್ ಇಲ್ಲದ ಕೈ ಹಾಕಬ್ಯಾಡ್ರಿ. ಪೆನ್‌ಡ್ರೈವಿನಿಂದ, ಫೋನಿನಿಂದ ಸೀದಾ ರೈಟ್ ಮಾಡೋದಲ್ಲ, ಮೊದಲು ಎಲ್ಲಾ ಫೈಲು ಕಂಪ್ಯೂಟರಿನ ಒಳಗ ಒಂದು ಫೋಲ್ಡರಿಗೆ ತಗೊಂಡು, ಎಲ್ಲಾ ತೆರದು ಕೇಳಿ ನೋಡಿ, ಆಮ್ಯಾಲೆ. ತಾನ ನಿದ್ದಿಗೆ ಹೋಗೋ ಸೆಟ್ಟಿಂಗ್ ತಗದಿಡ್ರಿ. ರೈಟ್ ಆಗೋತನಕ ಆ ಕಂಪ್ಯೂಟರಿನ್ಯಾಗ ಯೂಟ್ಯೂಬ್ ಹಚ್ಚಬ್ಯಾಡ್ರಿ, ಅದನ್ನಿಟ್ಟ ಟೇಬಲ್ಲಿನ ಮ್ಯಾಲ ಕೊಬ್ಬರಿನೂ ಕುಟ್ಟಬ್ಯಾಡ್ರಿ.

ವಿಂಡೋಸಿನ್ಯಾಗ ಖಾಲಿ ಡಿಸ್ಕ್ ಹಾಕಿದ ಕೂಡಲೇ ಎರಡು ದಾರಿ ಕೇಳತೈತಿ. ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ಹಂಗ ಬಳಸೋದೋ, ಸೀಡಿ ಡಿವಿಡಿ ಪ್ಲೇಯರ್ ಜೋಡಿ ಬಳಸೋದೋ ಅಂತ. ಮೊದಲನೇದು ತಾನ ಆರಿಸಿಕೊಂಡು ಕುಂತಿರತೈತಿ. ಅದನ್ನ ಬಿಟ್ಟು ಎರಡನೇದು ಒತ್ತ್ರಿ. ಮೊದಲನೇದ್ರಾಗ ಮಾಡಿದ್ದು ಬ್ಯಾರೆ ಯಂತ್ರದಾಗ ಬರದಿದ್ರ ಆಶ್ಚರ್ಯ ಇಲ್ಲ. ಕೊನಿಗೆ ಫೈನಲೈಸ್ ಅಥವಾ ಕ್ಲೋಸ್ ಅಂತ ಕೇಳಿದ್ರ ಹೂಂ ಅನ್ರಿ. ಮುಚ್ಚಳ ಹಾಕಲಾರದ ಉಪ್ಪಿನಕಾಯಿ ಭರಣಿ ಇದ್ದಂಗ, ಅದನ್ನ ಮಾಡದ ಡಿಸ್ಕನ್ನ ಟಿವಿ ಪ್ಲೇಯರು ಓದಂಗಿಲ್ಲ.

ಈಗ ಎಲ್ಲಾರೂ ಬಿಡೋ ಕೆಲಸ, ತಪಾಸಣಿ. ವೆರಿಫೈ ಅಂತ ಒಂದು ಸಣ್ಣ ಚೌಕ ಇರತೈತಿ, ಅದಕ್ಕ ಗುರುತು ಹಾಕಿದ್ರ ರೈಟ್ ಮಾಡಿದ ಮ್ಯಾಲ ಯಂತ್ರ ತಾನ ಪೂರಾ ಓದಿ ಮೂಲ ಫೈಲಿಗೆ ಹೋಲಿಸಿ ನೋಡತೈತಿ. ಇನ್ನೊಂದು ಹತ್ತು ನಿಮಿಷ ಹಿಡೀತೈತಿ, ಹಿಡೀಲಿ. ಇಷ್ಟಕ್ಕ ಬಿಡಬ್ಯಾಡ್ರಿ, ಇನ್ನೊಬ್ಬರ ಮನಿ ಪ್ಲೇಯರಿನ್ಯಾಗ ಹಾಕಿ ನೋಡ್ರಿ. ರೈಟ್ ಮಾಡಿದ ಯಂತ್ರ ತನ್ನ ಅಕ್ಷರ ತಾನು ಓದತೈತಿ, ನಮ್ಮ ಮಕ್ಕಳು ತಮ್ಮ ಕಾಗಿ-ಗುಬ್ಬಿ ಅಕ್ಷರ ತಾವು ಓದಿದಂಗ. ಬ್ಯಾರೆಯವರು ಓದಬೇಕು. ಮತ್ತ ಡಿಸ್ಕಿನ ಸ್ವಭಾವ ಹೆಂಗಂದ್ರ, ತಪ್ಪನ್ನ ಮುಚ್ಚಿಟ್ಟುಕೊಂಡಿರತೈತಿ. ಸೀಡ್ಯಾಗ ಸುಮಾರು 2.5 ಮಿಲಿಮೀಟರ್ ಉದ್ದ ಅಳಿಸಿಹೋದ್ರೂ ಪ್ಲೇಯರು ಅಕ್ಕಪಕ್ಕದ ಲೆಕ್ಕಾ ಹಾಕಿ ಅದನ್ನ ತುಂಬಿಸಿಕೊಂಡು ಹಾಡತೈತಿ. ಹಿಂಗಾಗಿ ಅರ್ಧಾ ಕೆಟ್ಟ ಡಿಸ್ಕೂ ಇವತ್ತು ಚಂದ ಹಾಡತೈತಿ, ಒಂದಿನ ತಟ್ಟನ ನಿಲ್ಲತೈತಿ. ಮಂದಿ "ನಿನ್ನೆ ಚಲೋನ ಇತ್ತು" ಅಂತಾರ. ನಿನ್ನೆನೂ ಚಲೋ ಇರಲಿಲ್ಲ, ತೋರಿಸಿಕೊಂಡಿರಲಿಲ್ಲ. ಅದಕ್ಕ ರೈಟ್ ಮಾಡಿದ ದಿನಾನ ಚೊಕ್ಕ ಇರಬೇಕು ಅಂತ ನಾನು ಗುದ್ದಾಡೋದು.

ನಮ್ಮ ನಾದಿನಿ ಮಗಳ ಮದುವಿ ಡಿವಿಡಿ ಸುದ್ದಿ ಓಣ್ಯಾಗ ಎಲ್ಲಾರಿಗೂ ಗೊತ್ತು. ತಾಲೂಕಿನ ಒಂದು ಸ್ಟುಡಿಯೋದವರು ಮಾಡಿ ಕೊಟ್ಟದ್ದು, ಮ್ಯಾಲ ಮದುಮಕ್ಕಳ ಫೋಟೋದ ಥಳಥಳ ಸ್ಟಿಕ್ಕರ್. ನೋಡಾಕ ಭಾಳ ಚಂದ. ಕೆಲವು ವರ್ಷಕ್ಕ ಪ್ಲೇಯರು ಗರಗರ ಅಂತ ತಿರುಗಿಸಿ "ನೋ ಡಿಸ್ಕ್" ಅಂದುಬಿಡ್ತು. ತಗದು ನೋಡಿದ್ರ ಸ್ಟಿಕ್ಕರಿನ ಅಂಚು ಎದ್ದು ಡಿಸ್ಕು ಸಣ್ಣಗ ಬಾಗೈತಿ. ನಮ್ಮ ಕಡಿ ಬ್ಯಾಸಿಗಿ 40 ಡಿಗ್ರಿ ದಾಟತೈತಿ, ಆ ಶೆಕಿಗೆ ಕಾಗದ ಒಂದು ಕಡಿ, ಪ್ಲಾಸ್ಟಿಕ್ ಒಂದು ಕಡಿ ಎಳೀತಾವು. ಅಮೆರಿಕಾದ ಮಾನಕ ಸಂಸ್ಥೆ, ಎನ್‌ಐಎಸ್‌ಟಿ ಅಂತಾರ, 2003ರಾಗ ಸೀಡಿ ಡಿವಿಡಿ ಜೋಪಾನದ ಒಂದು ಕೈಪಿಡಿ ಮಾಡೈತಿ, ಬಾಳಿಕಿ ಬೇಕಾದ ಡಿಸ್ಕಿಗೆ ಚೀಟಿ ಅಂಟಿಸಬ್ಯಾಡ್ರಿ ಅಂತ ಅದರಾಗೂ ಐತಿ. ಸ್ಟುಡಿಯೋದವರ ಕಡಿ ಮೂಲ ಫೈಲೂ ಉಳಿದಿರಲಿಲ್ಲ, ಜಾಗ ಸಾಲದ ಅಳಿಸಿದ್ರಂತ. ಆ ಹುಡುಗಿ ಅಜ್ಜ ಅದರಾಗ ಕುಣದಿದ್ದ, ಈಗ ಆ ಅಜ್ಜ ಇಲ್ಲ.

ಹಿಂಗಾಗಿ ನನ್ನ ಅಭಿಪ್ರಾಯ: ಮದುವಿ ವಿಡಿಯೋದವರ ಜೋಡಿ ರೇಟು ಮಾತಾಡುವಾಗ ನಾವು ಹೆಣ್ಣಮಕ್ಕಳು ಎದುರಿಗೆ ಕುಂದರಬೇಕು. ಡ್ರೋನು ಬ್ಯಾಡ ಅನ್ರಿ, ಆ ರೊಕ್ಕದಾಗ ಹೊಸಾ ಡಿಸ್ಕಿನ್ಯಾಗ ಎರಡು ಪ್ರತಿ, ಸ್ಟಿಕ್ಕರ್ ಇಲ್ಲದ, ಮತ್ತ ಕತ್ತರಿಸಲಾರದ ಮೂಲ ಫೈಲು ಒಂದು ಹಾರ್ಡ್‌ಡಿಸ್ಕಿನ್ಯಾಗ ಕೇಳ್ರಿ. ಸುರಗಿ ಸುತ್ತುವಾಗಿನ ಪದದ ಮ್ಯಾಲ ಸಿನಿಮಾ ಹಾಡು ಹಾಕಬ್ಯಾಡ್ರಿ ಅಂತ ಮೊದಲೇ ಹೇಳ್ರಿ. ಗಂಡಸರು ಇದನ್ನ ಕೇಳಂಗಿಲ್ಲ, ಅವರಿಗೆ ಪೆಂಡಾಲಿನ ಚಿಂತಿ.

ಡಿಸ್ಕಿನ ಮ್ಯಾಲ ಬರಿಯಾಕ ಮೆತ್ತನ ಮೊನಿಯ, ಸೀಡಿಗಂತನ ಬರೋ ನೀರಿನ ಮಾರ್ಕರ್ ತಗೋರಿ, ನಡುವಿನ ತೂತಿನ ಸುತ್ತ ಇರೋ ತಿಳಿ ಜಾಗದಾಗ ಬರೀರಿ. ಉದ್ದಂದು ಬರಿಯೋದಿದ್ರ ಡಬ್ಬ್ಯಾಗಿನ ಕಾಗದದಾಗ ಬರೀರಿ: ಯಾರು ಹಾಡಿದ್ರು, ಯಾವ ಊರಿನ ಹೆಣ್ಣುಮಗಳು, ಯಾವ ಪದ, ಯಾವ ತಾರೀಖು. ಹಾಡಿದವರ ತವರೂರು ಬರಿಯೋದು ಮರೀಬ್ಯಾಡ್ರಿ, ಪದ ಬಂದಿರೋದು ಅಲ್ಲಿಂದ. ಒರಸೋದಾದ್ರ ಮೆತ್ತನ ಹತ್ತಿ ಅರಬಿಲೇ ನಡುವಿನಿಂದ ಅಂಚಿಗೆ ಸೀದಾ ಒರಸ್ರಿ. ತಾಟು ತಿಕ್ಕಿದಂಗ ಗುಂಡಗ ತಿರುವಿದ್ರ ಗೀರು ಸಾಲಿನುದ್ದಕ್ಕ ಬಿದ್ದು ಯಂತ್ರಕ್ಕ ಸಂಭಾಳಿಸಾಕ ಬರಂಗಿಲ್ಲ.

ಇಡೋ ಜಾಗ ಅಂದ್ರ, ಆ ಕೈಪಿಡ್ಯಾಗ 20 ಡಿಗ್ರಿಗಿಂತ ತಂಪು ಇರಲಿ ಅಂತ ಬರದಾರ. ಕಿನ್ನಾಳದಾಗ 20 ಡಿಗ್ರಿ ಎಲ್ಲಿಂದ ತರೋಣ! ಇದ್ದದ್ರಾಗ ತಂಪು ಜಾಗ ಆರಸ್ರಿ. ತಗಡಿನ ಕೆಳಗಿನ ಅಟ್ಟ ಬ್ಯಾಡ, ಟಿವಿ ಮ್ಯಾಲ ಬ್ಯಾಡ, ಒಲಿ ಗ್ವಾಡಿ ಹಿಂದಿನ ಕಪಾಟು ಬ್ಯಾಡ. ಮಣ್ಣಿನ ಗ್ವಾಡಿ ಹಳೇ ಮನಿ ಇದ್ರ ನಡುಮನಿ ಕತ್ತಲ ಮೂಲಿ ಎಲ್ಲಾಕಿಂತ ಚಲೋ. ಗಟ್ಟಿ ಡಬ್ಬ್ಯಾಗ ಹಾಕಿ ಪುಸ್ತಕ ನಿಲ್ಲಿಸಿದಂಗ ನಿಲ್ಲಸ್ರಿ, ಒಂದರ ಮ್ಯಾಲೊಂದು ರೊಟ್ಟಿ ಒಟ್ಟಿದಂಗ ಒಟ್ಟಬ್ಯಾಡ್ರಿ. ಮತ್ತ ಯಾವಾಗ್ಲೂ ಎರಡು ಮಾಡ್ರಿ, ಆದ್ರ ಎರಡು ಬ್ಯಾರೆ ಬ್ಯಾರೆ ಕಂಪನಿ ಡಿಸ್ಕಿನ್ಯಾಗ. ಒಂದು ಗಂಡನ ಮನ್ಯಾಗ, ಇನ್ನೊಂದು ತವರುಮನ್ಯಾಗ. ಹೆಣ್ಣಮಕ್ಕಳಿಗೆ ಎರಡು ಮನಿ ಇರೋದರ ಲಾಭ ಒಂದಾದ್ರೂ ಆಗಲಿ.

ನನ್ನ ಮಗ ಇದನ್ನೆಲ್ಲಾ ಓದಿ ನಗತಾನ. "ಅವ್ವಾ, ಕ್ಲೌಡಿಗೆ ಹಾಕು, ಕಂಪನಿಗಳ ಸೀಡಿ ಮಾಡೋದು ಬಿಡಾಕ ಹತ್ಯಾವು" ಅಂತಾನ. ಅವನ ಮಾತಿನ್ಯಾಗ ಹುರುಳಿಲ್ಲ ಅನ್ನಂಗಿಲ್ಲ. ಸೋನಿ ಕಂಪನಿ 2025ರ ಫೆಬ್ರವರ್ಯಾಗ ರೈಟ್ ಮಾಡೋ ಬ್ಲೂ-ರೇ ಡಿಸ್ಕ್ ಮಾಡೋದು ನಿಲ್ಲಿಸ್ತು. ಹೊಸಾ ಲ್ಯಾಪ್‌ಟಾಪಿನ್ಯಾಗ ಡಿಸ್ಕ್ ಹಾಕೋ ಬಾಯೇ ಇಲ್ಲ. ಆದ್ರ ಕ್ಲೌಡ್ ಅಂದ್ರ ಯಾರದೋ ಕಣಜದಾಗ ನಮ್ಮ ಕಾಳು ಹಾಕಿಟ್ಟಂಗ. ಪಾಸ್‌ವರ್ಡ್ ಅವನ ತಲ್ಯಾಗ, ಬಾಡಗಿ ಅವನ ಕಾರ್ಡಿನ್ಯಾಗ. ಅವ ಬೆಂಗಳೂರಾಗ ಕೆಲಸದ ಗದ್ದಲದಾಗ ಒಂದು ವರ್ಷ ಕಟ್ಟೋದು ಮರತ್ರ? ನಾಳೆ ಮೊಮ್ಮಗಳು ಮುತ್ತಜ್ಜಿ ದನಿ ಕೇಳಬೇಕಂದ್ರ ಯಾರನ್ನ ಕೇಳಬೇಕು? ಕ್ಲೌಡಿಗೂ ಹಾಕ್ರಿ, ಬ್ಯಾಡನ್ನಂಗಿಲ್ಲ, ಅದು ಮೂರನೇ ಪ್ರತಿ. ಡಬ್ಬಿ ಕೈಯಾಗ ಹಿಡಕೊಂಡು "ಇದು ನಿಮ್ಮ ಮುತ್ತಜ್ಜಿದು" ಅಂತ ಕೊಡಾಕ ಬರೋದು ಡಿಸ್ಕ್ ಮಾತ್ರ. ಡಬ್ಬಿ ಮ್ಯಾಲ ನೂರು ವರ್ಷ ಬಾಳತೈತಿ ಅಂತ ಕಂಪನಿಯವರು ಬರಕೋತಾರ, ಅದನ್ನ ನಂಬಿ ಕುಂದರಬ್ಯಾಡ್ರಿ. ವರ್ಷಕ್ಕೊಮ್ಮೆ ದೀಪಾವಳಿಗೆ ಮನಿ ಸುಣ್ಣ-ಬಣ್ಣ ಮಾಡುವಾಗ ತಗದು ಹಾಕಿ ಕೇಳ್ರಿ. ಐದು ವರ್ಷಕ್ಕೊಮ್ಮೆ ಹೊಸಾ ಡಿಸ್ಕಿಗೆ ಏರಿಸ್ರಿ. ಎಲ್ಲೆರ ಒಂದು ಕಡಿ ತಡವರಿಸಿದ್ರ ಅವತ್ತೇ ಏರಿಸ್ರಿ, ಹಬ್ಬ ಮುಗೀಲಿ ಅನ್ನಬ್ಯಾಡ್ರಿ.

ಡ್ರೈವ್ ಇಲ್ಲದ ಲ್ಯಾಪ್‌ಟಾಪಿಗೆ ಹೊರಗಿನಿಂದ ಹಚ್ಚೋ ಯುಎಸ್‌ಬಿ ರೈಟರ್ ಇನ್ನೂ ಸಿಗತೈತಿ. ಅಷ್ಟೂ ಮನಿಗೆ ಒಂದೊಂದು ಬೇಕಂತಿಲ್ಲ, ಸ್ತ್ರೀಶಕ್ತಿ ಸಂಘದವರು ಕೂಡಿ ಓಣಿಗೆ ಒಂದು ತಗೊಂಡ್ರ ಸಾಕು. ತಗೊಳ್ಳುವಾಗ ಇನ್ನೊಂದು ಮಾತು: ಅದನ್ನ ಲ್ಯಾಪ್‌ಟಾಪಿಗೆ ಸೀದಾ ಹಚ್ಚಬೇಕು, ನಡುವ ಉದ್ದನ ವಾಯರು, ಯುಎಸ್‌ಬಿ ಹಬ್ ಹಾಕಬಾರದು, ಹಾಕಿದ್ರ ಕರೆಂಟ್ ಸಾಲದ ನಡುವ ಕೈಕೊಡತೈತಿ. ನಮ್ಮ ಮನ್ಯಾಗ ಒಂದು ಐತಿ. ಸೀಗಿ ಹುಣ್ಣಿವಿ ತನಕ ನನಗ ಬೇಕು, ಆ ಬಾಜೂ ಮನಿ ಅಜ್ಜಿ ಜೋಕುಮಾರನ ಪದ ಅರ್ಧಾ ಆಗ್ಯಾವು, ಉಳದದ್ದು ಹಾಡತೀನಿ ಅಂದಾಳ. ಅದಾದ ಮ್ಯಾಲ ಯಾರಿಗೆ ಬೇಕೋ ಬಂದು ತಗೊಂಡು ಹೋಗ್ರಿ, ವಾಯರ್ ಸಮೇತ ತಿರುಗಿ ತಂದು ಕೊಡ್ರಿ.